ವಿದ್ಯಾರ್ಥಿಯ ನೆರವು: ಮೊದಲ ವರ್ಷದಿಂದ ಕಡೆಯ ವರ್ಷದವರೆಗೆ

ವಿದ್ಯೆಗಾಗಿ ದಾನ ಮಾಡುವ ಉದಾರಿಗಳು ಎಲ್ಲ ಕಾಲದಲ್ಲಿಯೂ ಉಂಟು. ಆದರೆ ಬಡ ವಿದ್ಯಾರ್ಥಿಯು ಕಾಲೇಜನ್ನು ಸೇರಿದ ವರ್ಷ ದೊರೆತ ನೆರವು ಅವನು ಪದವಿಯನ್ನು ಪಡೆಯುವವರೆಗೂ ಮುಂದುವರಿಯುವುದೇ ಎಂಬುದು ಬೇರೆಯೇ ಪ್ರಶ್ನೆ. ನೆರವು ನಡುವೆ ಕಡಿದರೆ ಹುಡುಗನು ಊರಿಗೆ ಮರಳುವನು. ಅದುವರೆಗಿನ ವೆಚ್ಚವೂ ಶ್ರಮವೂ ವ್ಯರ್ಥವಾಗುವವು. ಧಾರವಾಡ ಪ್ರಾಂತದ ಹಿರಿಯರು ಈ ಪ್ರಶ್ನೆಗೆ ಮೂರು ಬಗೆಯಿಂದ ಉತ್ತರ ಕೊಟ್ಟಿರುವರು.

ಮೊದಲನೆಯದು ನಿಧಿ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜ ಸ್ಥಾಪಿತವಾಗುವ ಮುಂಚೆ ಈ ಭಾಗದ ಹುಡುಗರು ಉಚ್ಚ ಶಿಕ್ಷಣಕ್ಕಾಗಿ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿದ್ದಿತು. ಪರಸ್ಥಳದ ವಾಸದ ವೆಚ್ಚವು ಒಂದು ವರ್ಷದ್ದಲ್ಲ, ಹಲವು ವರ್ಷಗಳದು. ಇದನ್ನರಿತು ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದ ಮಹನೀಯರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಗಾಗಿ ನಿಧಿಯನ್ನು ಕೂಡಿಸಿದರು. ಕೈಯಿಂದ ಕೈಗೆ ಕೊಟ್ಟ ಹಣ ಆ ವರ್ಷಕ್ಕೇ ತೀರುವುದು. ನಿಧಿಯಾದರೋ ಮೂಲಧನವು ಉಳಿದು, ಅದರ ಹುಟ್ಟುವಳಿಯಿಂದ ವರ್ಷವರ್ಷವೂ ನೆರವಾಗಬಲ್ಲದು. ಬೆಳಗಾವಿಯ ಗಿಲಗಂಚಿ-ಅರಟಾಳ ಹಾಯಸ್ಕೂಲು ಇವರೀರ್ವರ ಹೆಸರನ್ನು ಇಂದಿಗೂ ಹೊತ್ತಿದೆ.

ಎರಡನೆಯದು ಭೂಮಿ. 1904ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದ ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾದರು. ಸಂತಾನವಿಲ್ಲದ ಅವರು ತಮ್ಮ ವಿಶಾಲ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದರು. ಆದರೆ ಆಸ್ತಿಯ ಬಗ್ಗೆ ವ್ಯಾಜ್ಯವುಂಟಾಗಿ ಅದು ಪ್ರಿವ್ಹಿ ಕೌನ್ಸಿಲಿನವರೆಗೆ ಹೋಯಿತು. ದಾನಿಯ ಮನಸ್ಸು ಎಷ್ಟೇ ದೊಡ್ಡದಿದ್ದರೂ ವಿದ್ಯಾರ್ಥಿಯ ವಯಸ್ಸು ನ್ಯಾಯಾಲಯದ ತೀರ್ಪಿಗಾಗಿ ಕಾಯದು. ವ್ಯಾಜ್ಯ ಮುಗಿದ ತರುವಾಯ ವಿಶ್ವಸ್ತಮಂಡಳಿಯ ಮೂಲಕ ಆ ದಾನವು ಅನೇಕ ತಲೆಮಾರಿನವರಿಗೆ ಫಲಿಸಿತು.

ಮೂರನೆಯದು ಅನ್ನ. ಕರ್ನಾಟಕ ಕಾಲೇಜ ತೆರೆದ 1917ರಲ್ಲಿಯೇ ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಮಹಾಸ್ವಾಮಿಗಳವರು ಉಚಿತ ಪ್ರಸಾದನಿಲಯವನ್ನು ಆರಂಭಿಸಿದರು. ಮೂಲಧನವಾಗಲಿ ಮೃತ್ಯುಪತ್ರವಾಗಲಿ ಇಲ್ಲದೆ, ಭಕ್ತರು ಸುಗ್ಗಿಯಲ್ಲಿ ಸಲ್ಲಿಸುವ ಕಾಳುಕಡಿಯನ್ನು ನೆಚ್ಚಿ ನಡೆಯುವ ವ್ಯವಸ್ಥೆಯಿದು. ಮೇಲುನೋಟಕ್ಕೆ ಮೂರರಲ್ಲಿ ಇದೇ ಅತ್ಯಂತ ಅಸ್ಥಿರವಾದುದು. ಆದರೂ ಪಂಕ್ತಿಯಲ್ಲಿ ಕುಳಿತ ಹುಡುಗನ ಮುಖವನ್ನು ದಿನವೂ ಕಾಣುವ ಗುರುವಿಗೆ ಅವನ ಎರಡನೆಯ ವರ್ಷವು ಮರೆಯುವಂತಿಲ್ಲ.

ಇಂದು ಸರಕಾರದ ವೇತನಗಳು ಹೆಚ್ಚಿವೆ. ಆದರೆ ಪ್ರಶ್ನೆಯು ಹಳೆಯದೇ. ಕೇಂದ್ರ ಸರಕಾರವು ಕಾಲೇಜು ವಿದ್ಯಾರ್ಥಿಗಳಿಗೆ ಕೊಡುವ ಒಂದು ವೇತನವು ಪದವಿಯ ವರ್ಷಗಳಲ್ಲಿ ವಾರ್ಷಿಕ 12,000 ರೂಪಾಯಿ. ಅದು ಮರುವರ್ಷವೂ ಬರಬೇಕಾದರೆ ಪರೀಕ್ಷೆಯಲ್ಲಿ ನೂರಕ್ಕೆ 50 ಅಂಕಗಳೂ 75 ಹಾಜರಿಯೂ ಬೇಕು. ನವೀಕರಣದ ಅರ್ಜಿಯನ್ನೂ ಪ್ರತಿವರ್ಷ ಸಲ್ಲಿಸಬೇಕು. ನಿಯಮವು ನ್ಯಾಯವಾದುದೇ. ಆದರೆ ಬೇನೆಬಿದ್ದ ಹುಡುಗನೂ, ಸುಗ್ಗಿಯ ಕೆಲಸಕ್ಕೆ ಮನೆಯವರು ಕರೆದೊಯ್ದ ಹುಡುಗಿಯೂ ಅದೇ ಲೆಕ್ಕದಲ್ಲಿ ಹಿಂದೆ ಬೀಳುವರು.

ಅಂತಹವರನ್ನು ಕೈಹಿಡಿಯುವ ಭಾರವು ಹಿಂದಿನಂತೆ ಇಂದಿಗೂ ಸಮಾಜದ್ದು. ಪ್ರವೇಶದ ದಿನ ಕೊಡುವವರು ಬಹಳ. ಎರಡನೆಯ ವರ್ಷ ವಿಚಾರಿಸುವವರು ವಿರಳ. ಬಿತ್ತಿದವನೇ ಕಳೆಯನ್ನೂ ತೆಗೆದು ನೀರನ್ನೂ ಹಾಯಿಸಿದರೆ ಮಾತ್ರ ಪೈರು ಕೈಗೆ ಹತ್ತುವುದು.