ಆಟದ ಬಯಲೂ ಮಣ್ಣಿನ ಬಟ್ಟಲೂ



ಈಚೆಗೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಉಭಯಕುಶಲೋಪರಿಯ ಬಳಿಕ ನಗುತ್ತಲೇ ಒಂದು ಆಕ್ಷೇಪಣೆಯನ್ನು ಮುಂದಿಟ್ಟ. "ಮೇಷ್ಟ್ರೇ, ತಾವು ನಮಗೆ ಪಾಣಿಪತ್ತಿನ ಮೂರೂ ಕದನಗಳನ್ನು ಬಾಯಿಪಾಠ ಮಾಡಿಸಿದಿರಿ. ಜನ ಸಂಜೆ ಹೊತ್ತು ಏನು ಆಡುತ್ತಿದ್ದರು, ಯಾರೊಡನೆ ಆಡುತ್ತಿದ್ದರು ಎಂದು ಒಂದು ದಿನವೂ ಹೇಳಲಿಲ್ಲ." ಅವನ ಮಾತು ನಿಜ. ನಮ್ಮ ಇತಿಹಾಸದ ಪಠ್ಯದಲ್ಲಿ ಆಟಕ್ಕೆ ಎಡೆಯಿರಲಿಲ್ಲ; ವೇಳಾಪಟ್ಟಿಯಲ್ಲಿ ಕಡೆಯ ಪಿರಿಯಡ್ಡಾಗಿ ಮಾತ್ರ ಇತ್ತು. ಅದನ್ನೂ ಪಾಠ ಮುಗಿಸುವ ನೆಪದಲ್ಲಿ ನಾನೇ ಎಷ್ಟೋ ಸಲ ಕಸಿದುಕೊಂಡದ್ದುಂಟು. ಆ ಋಣವನ್ನು ತುಸುವಾದರೂ ತೀರಿಸಲು ಈ ಲೇಖನ.

ಒಂದು ದೇಶದ ಸಮಾಜವನ್ನು ಅರಿಯಬೇಕಾದರೆ ಅದರ ಶಾಸನಗಳಷ್ಟೇ ಅದರ ಮೈದಾನಗಳನ್ನೂ ನೋಡಬೇಕು. ಇದು ನನಗೆ ಮನವರಿಕೆಯಾದದ್ದು ನಿವೃತ್ತಿಯ ನಂತರ, 2002ರಲ್ಲಿ ಪ್ರಕಟವಾದ ರಾಮಚಂದ್ರ ಗುಹಾ ಅವರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ಗ್ರಂಥವನ್ನು ಓದಿದಾಗ. ಅದರಲ್ಲಿ ಬರುವ ಪಾಲ್ವಣಕರ್ ಬಾಲೂ ಅವರ ಜೀವನ ನನ್ನ ನಿದ್ದೆಗೆಡಿಸಿತು.

ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದ ಮಧ್ಯಭಾಗದಲ್ಲಿ. ಚರ್ಮಕಾರ ಕುಲದ ಅವರ ತಂದೆ ಸೇನೆಯ ಸೇವೆಯಲ್ಲಿದ್ದರು. ಹೀಗಾಗಿ ಹುಡುಗ ಬೆಳೆದದ್ದು ಪುಣೆಯಲ್ಲಿ. ಮೊದಲು ಪಾರ್ಸಿಗಳ ಕ್ಲಬ್ಬೊಂದರಲ್ಲಿ ತಿಂಗಳಿಗೆ 3 ರೂಪಾಯಿ ಸಂಬಳಕ್ಕೆ ಪಿಚ್ಚು ಗುಡಿಸಿ ಉರುಳೆ ಎಳೆಯುವ ಕೆಲಸ. ಬಳಿಕ ಆಂಗ್ಲರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಆಂಗ್ಲ ಆಟಗಾರರ ಅಭ್ಯಾಸಕ್ಕೆಂದು ಎಡಗೈಯಲ್ಲಿ ನಿಧಾನಗತಿಯ ಚೆಂಡು ಎಸೆಯುತ್ತ ಎಸೆಯುತ್ತ ಅವರು ಬೌಲಿಂಗಿನ ಮರ್ಮವನ್ನೆಲ್ಲ ಕಲಿತರು. ಗ್ರೇಗ್ ಎಂಬ ಪ್ರಸಿದ್ಧ ಆಂಗ್ಲ ಬ್ಯಾಟುಗಾರ ಗಂಟೆಗಟ್ಟಲೆ ಅವರ ಎಸೆತಗಳನ್ನು ಎದುರಿಸಿ ಪಳಗಿದ. ಆದರೆ ಬಾಲೂ ಕೈಗೆ ಬ್ಯಾಟು ಕೊಡುವ ಮನಸ್ಸನ್ನು ಅಲ್ಲಿ ಯಾರೂ ಮಾಡಲಿಲ್ಲ. ಬೆವರು ಸುರಿಸುವುದು ಆಳಿನ ಕೆಲಸ, ಬ್ಯಾಟು ಬೀಸುವುದು ದೊರೆಯ ವಿನೋದ!

ಪುಣೆಯ ಹಿಂದೂ ತಂಡಕ್ಕೆ ಆಂಗ್ಲರನ್ನು ಸೋಲಿಸುವ ಹಂಬಲ. ಬಾಲೂ ಇಲ್ಲದೆ ಅದು ಕೈಗೂಡದು. ಬಹಳ ಜಿಜ್ಞಾಸೆಯ ತರುವಾಯ ಅವರನ್ನು ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಆದರೆ ಚಹಾದ ವಿರಾಮ ಬಂದೊಡನೆ ಉಳಿದವರಿಗೆ ಒಳಗೆ ಪಿಂಗಾಣಿ ಬಟ್ಟಲು. ಬಾಲೂಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಬಟ್ಟಲು. ಊಟದ ಎಲೆಯೂ ಬೇರೆ. ಚೆಂಡಿಗೆ ತಗುಲದ ಮೈಲಿಗೆ ಬಟ್ಟಲಿಗೆ ಹೇಗೆ ತಗುಲುತ್ತದೆ? ಆ ಕಾಲದ ಪಂಡಿತರಾರೂ ಇದಕ್ಕೆ ಉತ್ತರ ಹೇಳಿದಂತಿಲ್ಲ.

ಮುಂದೆ ಬಾಲೂ ಮುಂಬಯಿಗೆ ಬಂದರು. ಅಲ್ಲಿ ಕ್ರಿಕೆಟ್ ಜಾತಿ-ಮತಗಳ ಲೆಕ್ಕದಲ್ಲೇ ನಡೆಯುತ್ತಿತ್ತು. ಪಾರ್ಸಿಗಳು 1848ರಲ್ಲಿಯೇ ಓರಿಯಂಟಲ್ ಕ್ಲಬ್ ಸ್ಥಾಪಿಸಿದ್ದರು. ಯುರೋಪಿಯನ್ನರು ಮತ್ತು ಪಾರ್ಸಿಗಳ ಪಂದ್ಯಾವಳಿಗೆ 1907ರಲ್ಲಿ ಹಿಂದೂಗಳು, 1912ರಲ್ಲಿ ಮುಸ್ಲಿಮರು, 1937ರಲ್ಲಿ 'ಇತರರು' ಸೇರಿ ಅದು ತ್ರಿಕೋನ, ಚತುಷ್ಕೋನ, ಪಂಚಕೋನವಾಗಿ ಬೆಳೆಯಿತು. ಇದಕ್ಕೂ ಮೊದಲೇ, 1906ರಲ್ಲಿ, ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತ್ತು. ಆ ಗೆಲುವಿನಲ್ಲಿ ಬಾಲೂ ಮತ್ತು ಅವರ ತಮ್ಮ ಶಿವರಾಮ ಇಬ್ಬರೂ ಇದ್ದರು. ಅಷ್ಟು ಹೊತ್ತಿಗೆ ಮುಂಬಯಿಯ ಹಿಂದೂ ಜಿಮ್ಖಾನಾದಲ್ಲಿ ಬಾಲೂ ಉಳಿದವರ ಪಂಕ್ತಿಯಲ್ಲೇ ಉಣ್ಣುವಂತಾಗಿತ್ತು. ಸುಧಾರಕರ ಭಾಷಣಗಳು ವರ್ಷಗಟ್ಟಲೆ ಸಾಧಿಸದೆ ಇದ್ದುದನ್ನು ಒಂದು ಎಡಗೈ ಸಾಧಿಸಿತ್ತು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಗೆದ್ದುದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಬಾಲೂ ಒಬ್ಬರೇ 114 ವಿಕೆಟ್ ಪಡೆದರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ, ಜಾತಿಯ ಕಾರಣಕ್ಕೆ ಅನ್ಯಾಯವಾಗಿದೆ ಎಂದು ಬಹಿರಂಗವಾಗಿ ಸಾರಿ ಹೊರನಡೆದರು. ಕಡೆಗೆ 1923ರಲ್ಲಿ ವಿಠ್ಠಲ ನಾಯಕರಾದರು. ಆ ವರ್ಷ ಹಿಂದೂ ತಂಡವೇ ಚತುಷ್ಕೋನ ಪಂದ್ಯಾವಳಿಯನ್ನು ಗೆದ್ದಿತು. ಅಣ್ಣ ತಟ್ಟಿದ ಬಾಗಿಲಿನಿಂದ ತಮ್ಮ ಒಳಹೊಕ್ಕ.

ಹಾಗೆಂದು ಆಟವೊಂದೇ ಸಮಾಜವನ್ನು ತಿದ್ದುತ್ತದೆ ಎಂದು ನಾನು ಹೇಳಲಾರೆ. ಬಾಲೂಗೆ ಬಾಗಿಲು ತೆರೆದ ಪಂದ್ಯಾವಳಿಯೇ ಮತಗಳ ನಡುವೆ ಗೋಡೆಯನ್ನೂ ಎಬ್ಬಿಸಿತ್ತು. 1940ರಲ್ಲಿ ಗಾಂಧೀಜಿ ಕೋಮುವಾರು ಕ್ರಿಕೆಟ್ಟನ್ನು ವಿರೋಧಿಸಿದರು. 1946ರಲ್ಲಿ ಪಂಚಕೋನ ನಿಂತುಹೋಯಿತು. ಆಟ ಸಮಾಜಕ್ಕೆ ಹಿಡಿದ ಕನ್ನಡಿ. ಕೊಳೆಯನ್ನು ತೋರಿಸಬಲ್ಲದು, ಮುಖವನ್ನು ನಾವೇ ತೊಳೆದುಕೊಳ್ಳಬೇಕು.

ಇದನ್ನೆಲ್ಲ ಓದುವಾಗ ನನ್ನನ್ನು ಕಾಡಿದ್ದು ಪುಣೆಯ ಪೆವಿಲಿಯನ್ನಲ್ಲ, ನಮ್ಮದೇ ನಾಡಿನ ಒಂದು ಮನೆಯ ಜಗಲಿ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಕಾಲ. ನಮ್ಮ ಶಾಲೆಯ ಕಬಡ್ಡಿ ತಂಡ ತಾಲ್ಲೂಕು ಪಂದ್ಯದಲ್ಲಿ ಗೆದ್ದಿತು. ಕೊನೆಯ ದಾಳಿಯಲ್ಲಿ ಮೂವರನ್ನು ಮುಟ್ಟಿ, ಅವರು ಹಿಡಿದರೂ ಬಿಡದೆ ಗೆರೆ ಮುಟ್ಟಿದ ಹುಡುಗನನ್ನು ಎಲ್ಲರೂ ಹೆಗಲ ಮೇಲೆ ಹೊತ್ತು ಕುಣಿದರು. ಅಂದು ಊರಿನ ಗಣ್ಯರೊಬ್ಬರು ತಂಡವನ್ನು ಊಟಕ್ಕೆ ಕರೆದರು. ಒಳಗೆ ಹನ್ನೊಂದು ಎಲೆ, ಜಗಲಿಯಲ್ಲಿ ಒಂದು. ಆ ಒಂದು ಎಲೆ ಅವನದು. ಉಂಡ ಎಲೆಯನ್ನು ಅವನೇ ತೆಗೆದು, ಸೆಗಣಿಯಿಂದ ಸಾರಿಸಿ ಬಂದ. ಮುಟ್ಟುವುದೇ ಆಟವಾಗಿರುವ ಆಟದಲ್ಲಿ ನಮ್ಮನ್ನು ಗೆಲ್ಲಿಸಿದವನು ಅವನು.

ತಂಡದ ಉಸ್ತುವಾರಿ ನನ್ನದಾಗಿತ್ತು. ನಾನು ಒಳಗಿನ ಪಂಕ್ತಿಯಲ್ಲಿ ಕುಳಿತು ಪಾಯಸ ಉಂಡೆ. ಹೊಸ ಕೆಲಸ, ಹೊಸ ಊರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಏಳುವುದಕ್ಕೆ, ಹೊರಗೆ ಬಂದು ಅವನ ಪಕ್ಕದಲ್ಲಿ ಕೂರುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮರುವಾರ ತರಗತಿಯಲ್ಲಿ ಸಂವಿಧಾನದ 17ನೆಯ ವಿಧಿಯನ್ನು ಪಾಠ ಮಾಡಿದೆ. ಅಸ್ಪೃಶ್ಯತೆಯನ್ನು ನಿಷೇಧಿಸುವ ವಿಧಿ ಅದು. ಅವನು ಮುಂದಿನ ಬೆಂಚಿನಲ್ಲಿಯೇ ಇದ್ದ, ಪುಸ್ತಕದಿಂದ ತಲೆಯೆತ್ತಲಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಈಗ ಶಿಕ್ಷಕರು, ತಂದೆತಾಯಿಗಳು. ಮಕ್ಕಳು ಗೆದ್ದು ಬಂದಾಗ ಅಂಕ ಎಷ್ಟು ಎಂದು ಕೇಳಿ, ಸಂತೋಷಪಡಿ. ಆಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಆಟ ಮುಗಿದ ಮೇಲೆ ಯಾರು ಯಾರೊಡನೆ ಕುಳಿತು ಉಂಡಿರಿ? ಸಮಾಜದ ಇತಿಹಾಸವೆಂಬುದು ಬಹುಪಾಲು ಆ ಉತ್ತರದಲ್ಲಿದೆ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ನಿಮ್ಮಲ್ಲಿ ಯಾರಾದರೂ ಬಲ್ಲವರಿದ್ದರೆ, ಮೇಷ್ಟ್ರು ಆ ದಿನದ ಊಟವನ್ನು ಮರೆತಿಲ್ಲವೆಂದು ಅವನಿಗೆ ತಿಳಿಸಿ. ನಮ್ಮ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಎರಡು ಎಲೆ ಹಾಕಿಸಿ ಕಾಯುತ್ತೇನೆ.