ಶಾಸನವಿಲ್ಲದ ಊರುಗಳು

ಊರುಗಳು ಹಾಳಾಗುವುದಕ್ಕೆ ಚರಿತ್ರಕಾರರು ಹಲವು ಕಾರಣಗಳನ್ನು ಹೇಳುತ್ತಾರೆ. ಹೊಳೆ ದಿಕ್ಕು ಬದಲಿಸಿತು, ಮಾರಿ ಬಂದಿತು, ಶತ್ರು ಬೆಂಕಿಯಿಟ್ಟ. 1565ರಲ್ಲಿ ವಿಜಯನಗರ ಬಿದ್ದಾಗಲೂ ಕಲ್ಲು ಉಳಿಯಿತು; ಹಂಪೆಗೆ ಹೋದವರು ಇಂದಿಗೂ ಆ ಪೇಟೆಬೀದಿಯ ಕಂಬಗಳ ನಡುವೆ ನಡೆದಾಡಬಹುದು. ಆದರೆ ಹೊಳೆ ಬತ್ತದೆ, ಶತ್ರು ಬಾರದೆ, ಕೇವಲ ಒಂದು ಕಂಪೆನಿಯ ಪ್ರಕಟಣೆಯಿಂದ ಅಳಿದುಹೋದ ಊರುಗಳೂ ಉಂಟು. ಅಲ್ಲಿ ಲಕ್ಷಾಂತರ ಜನ ಮನೆ ಮಾಡಿದ್ದರು. ಇಂದು ನೋಡಿ ಬರೋಣವೆಂದರೆ ಹಾಳು ಗೋಡೆಯೂ ಇಲ್ಲ. ಅಂತರ್ಜಾಲದಲ್ಲಿ ಕಟ್ಟಿ, ಅಂತರ್ಜಾಲದಲ್ಲೇ ಕರಗಿದ ಊರುಗಳ ಮಾತು ಇದು.

1994ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಬೋನೆಟ್ ಮತ್ತು ಜಾನ್ ರೆಜ್ನರ್ ಎಂಬಿಬ್ಬರು ಒಂದು ಉದ್ಯಮವನ್ನು ಆರಂಭಿಸಿದರು. ಮುಂದೆ ಅದಕ್ಕೆ ಜಿಯೋಸಿಟೀಸ್ ಎಂದು ಹೆಸರಾಯಿತು. ಯಾರು ಬೇಕಾದರೂ ಕಾಸು ಕೊಡದೆ ಅಲ್ಲಿ ತಮ್ಮದೊಂದು ಪುಟವನ್ನು ತೆರೆಯಬಹುದಾಗಿತ್ತು. ಸೊಗಸೆಂದರೆ, ಅದರ ವ್ಯವಸ್ಥೆಯೆಲ್ಲ ಊರಿನ ವ್ಯವಸ್ಥೆಯೇ. ಸಾಹಿತ್ಯ, ತತ್ತ್ವಶಾಸ್ತ್ರಗಳ ಅಭಿರುಚಿಯುಳ್ಳವರಿಗೆ ಅಥೆನ್ಸ್ ಎಂಬ ಬಡಾವಣೆ; ಸಿನಿಮಾ ಹುಚ್ಚಿನವರಿಗೆ ಹಾಲಿವುಡ್; ಗಣಕದವರಿಗೆ ಸಿಲಿಕಾನ್ ವ್ಯಾಲಿ; ಸಂಸಾರವಂದಿಗರಿಗೆ ಹಾರ್ಟ್‌ಲ್ಯಾಂಡ್. ಪ್ರತಿ ಪುಟಕ್ಕೂ ಮನೆ ನಂಬರು. ಬಂದವರನ್ನು ಎಣಿಸುವ ಯಂತ್ರ, ಅತಿಥಿಗಳು ಎರಡು ಮಾತು ಬರೆದು ಹೋಗಲು ಪುಸ್ತಕ, ಮಿನುಗುವ ನಕ್ಷತ್ರ, 'ಕೆಲಸ ನಡೆದಿದೆ' ಎಂದು ಮಣ್ಣು ಅಗೆಯುವ ಆಳಿನ ಚಿತ್ರ. ಇಂದಿನ ಕಣ್ಣಿಗೆ ಅದು ಜಾತ್ರೆಯ ಅಂಗಡಿಯಂತೆ ತೋರೀತು. ಆದರೆ ಬಾಗಿಲಿನ ರಂಗೋಲಿಯನ್ನು ಬಿಡಿಸಿದವರು ಮನೆಯವರೇ. ಒಂದು ಮನೆಯಂತೆ ಇನ್ನೊಂದಿರಲಿಲ್ಲ.

ಅಲ್ಲಿಯ ನಿವಾಸಿಗಳನ್ನು 'ಹೋಮ್‌ಸ್ಟೆಡರ್' ಎಂದು ಕರೆಯುತ್ತಿದ್ದರು. ಅಮೆರಿಕದ ಚರಿತ್ರೆಯಲ್ಲಿ ಈ ಹೆಸರಿಗೆ ಅರ್ಥವಿದೆ. 1862ರ ಕಾಯಿದೆಯ ಪ್ರಕಾರ, ಬಯಲಿಗೆ ಹೋಗಿ ಐದು ವರ್ಷ ವಾಸವಿದ್ದು ಉತ್ತವನಿಗೆ ಆ ನೆಲ ಸ್ವಂತವಾಗುತ್ತಿತ್ತು. ಜಿಯೋಸಿಟೀಸಿನ ಒಕ್ಕಲಿಗೆ ಹೆಸರು ಬಂದಿತು, ಹಕ್ಕುಪತ್ರ ಬರಲಿಲ್ಲ. 1999ರ ಜನವರಿಯಲ್ಲಿ ಯಾಹೂ ಕಂಪೆನಿ 350 ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ ಇಡೀ ಊರನ್ನು ಕೊಳ್ಳುವುದಾಗಿ ಸಾರಿತು. ಅದೇ ವರ್ಷ ಹೊಸ ಕರಾರೊಂದು ಹೊರಟಿತು: ನಿವಾಸಿಗಳು ಬರೆದದ್ದನ್ನು ಕಂಪೆನಿ ತನಗೆ ಬೇಕಾದಂತೆ ಬಳಸಿಕೊಳ್ಳಬಹುದು! ಜನ ರೇಗಿದರು, ಕೆಲವರು ತಮ್ಮ ಪುಟಗಳ ಬಣ್ಣವನ್ನೇ ತೆಗೆದು ಬೂದಿಬಣ್ಣ ಬಳಿದು ಪ್ರತಿಭಟಿಸಿದರು. ಕಂಪೆನಿ ಕರಾರನ್ನು ತಿದ್ದಿತು. ಮಾತು ಗೆದ್ದಿತು, ನೆಲ ಮಾತ್ರ ಒಡೆಯನದಾಗಿಯೇ ಉಳಿಯಿತು. ಹತ್ತು ವರ್ಷಗಳ ತರುವಾಯ, 2009ರ ಅಕ್ಟೋಬರ್ 26ರಂದು, ಆ ಒಡೆಯನೇ ದೀಪವಾರಿಸಿದ. ಜಪಾನಿನಲ್ಲಿದ್ದ ಶಾಖೆಯೊಂದು 2019ರ ಮಾರ್ಚಿನವರೆಗೆ ಉಸಿರಾಡುತ್ತಿದ್ದಿತು.

ನಮ್ಮವರಿಗೆ ಹತ್ತಿರದ ಊರೆಂದರೆ ಆರ್ಕುಟ್. 2004ರ ಜನವರಿಯಲ್ಲಿ ಗೂಗಲ್ ಸಂಸ್ಥೆ ಆರಂಭಿಸಿದ ಈ ತಾಣಕ್ಕೆ ಅದನ್ನು ಕಟ್ಟಿದ ತುರ್ಕಿ ಮೂಲದ ಎಂಜಿನಿಯರನ ಹೆಸರೇ ಹೆಸರಾಯಿತು. ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದು ಬ್ರೆಜಿಲ್ ಮತ್ತು ಭಾರತಗಳಲ್ಲಿ. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ತೆತ್ತು ಕುಳಿತ ತರುಣರಿಗೆ ಅದು ಅರಳಿಕಟ್ಟೆಯಾಯಿತು. ಒಬ್ಬರ ಪುಟದಲ್ಲಿ ಇನ್ನೊಬ್ಬರು ಬರೆಯುವ 'ಸ್ಕ್ರ್ಯಾಪ್', ಗೆಳೆಯನ ಗುಣಗಾನಕ್ಕೆ 'ಟೆಸ್ಟಿಮೋನಿಯಲ್', ಹುಟ್ಟಿದ ಊರು, ಓದಿದ ಕಾಲೇಜು, ಮೆಚ್ಚಿದ ನಟ ಎಂದು ನೂರೆಂಟು ಬಳಗ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹರಟಿದವರು ಎಷ್ಟೋ ಮಂದಿ. 2014ರ ಸೆಪ್ಟೆಂಬರ್ 30ರಂದು ಈ ಕಟ್ಟೆಯೂ ಮುಚ್ಚಿತು. ಬಹಿರಂಗ ಬಳಗಗಳ ಮಾತುಗಳನ್ನು ಕೆಲವು ಕಾಲ ಓದಲು ಇಟ್ಟಿದ್ದರು; 2017ರಲ್ಲಿ ಅದನ್ನೂ ತೆಗೆದುಹಾಕಿದರು.

ಹೋದರೆ ಹೋಯಿತು, ಅಲ್ಲಿದ್ದದ್ದು ಹರಟೆ ತಾನೆ ಎಂದು ಕೆಲವರು ಕೇಳಿಯಾರು. ಹರಟೆಯೇ ಸರಿ. ಆದರೆ ಚರಿತ್ರಕಾರನನ್ನು ಕೇಳಿ ನೋಡಿ. ಅರಸನ ಬಿರುದುಗಳು ತಾಮ್ರಪಟದಲ್ಲಿ ಬೇಕಾದಷ್ಟು ಸಿಗುತ್ತವೆ. ಅರಸನ ಪ್ರಜೆ ಸಂಜೆಯ ಹೊತ್ತು ನೆರೆಮನೆಯವನೊಡನೆ ಏನು ಮಾತಾಡಿದನೆಂಬುದು ಸಿಗುವುದಿಲ್ಲ. ತುರುಗಾಳಗದಲ್ಲಿ ಮಡಿದವನಿಗೆ ಊರವರು ನೆಟ್ಟ ವೀರಗಲ್ಲನ್ನು ನಾವು ಅಕ್ಕರೆಯಿಂದ ಓದುವುದೇಕೆ? ಸಾಮಾನ್ಯನ ಹೆಸರು ಅಲ್ಲಿ ಅಪರೂಪಕ್ಕೆ ಉಳಿದಿದೆಯೆಂದೇ. ಲೋಕದ ಚರಿತ್ರೆಯಲ್ಲಿ ಮೊದಲಬಾರಿಗೆ ಸಾಮಾನ್ಯರು ಲಕ್ಷೋಪಲಕ್ಷವಾಗಿ ತಮ್ಮ ಮಾತನ್ನು ತಾವೇ ಬರೆದು ಊರ ಮುಂದೆ ಇಟ್ಟರು. ಆ ಬರಹವೇ ಮೊದಲು ಅಳಿಯಿತು.

ಪೂರ್ತಿ ಅಳಿಯಿತೆಂದರೆ ತಪ್ಪಾದೀತು. 1996ರಲ್ಲಿ ಬ್ರೂಸ್ಟರ್ ಕಾಲ್ ಸ್ಥಾಪಿಸಿದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಜಾಲಪುಟಗಳ ಪ್ರತಿ ತೆಗೆದಿಡುತ್ತ ಬಂದಿದೆ. 2009ರಲ್ಲಿ ಕೂಡಿಕೊಂಡ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ತಂಡ, ಗಡುವು ಮುಗಿಯುವ ಮುನ್ನ ಹಗಲಿರುಳು ದುಡಿದು ಜಿಯೋಸಿಟೀಸಿನ ದೊಡ್ಡದೊಂದು ಪಾಲನ್ನು ನಕಲು ಮಾಡಿತು. ಮರುವರ್ಷ 600 ಗಿಗಾಬೈಟಿಗೂ ಮಿಕ್ಕ ಆ ರಾಶಿಯನ್ನು ಲೋಕಕ್ಕೆ ಹಂಚಿತು. ಬಿ. ಎಲ್. ರೈಸರು ಮೈಸೂರು ಸೀಮೆಯ ಸಾವಿರಾರು ಶಾಸನಗಳ ಪಾಠವನ್ನು ಸಂಗ್ರಹಿಸಿ, 1886ರಿಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಾಗಿ ಹೊರತಂದದ್ದು ಇಲ್ಲಿ ನೆನಪಿಗೆ ಬರುತ್ತದೆ. ವ್ಯತ್ಯಾಸವಿಷ್ಟೆ: ರೈಸರಿಗಾಗಿ ಕಲ್ಲು ಶತಮಾನಗಳ ಕಾಲ ಕಾದಿತ್ತು. ಈ ತಂಡಕ್ಕೆ ಸಿಕ್ಕಿದ್ದು ಕೆಲವು ತಿಂಗಳು.

ಬಾಡಿಗೆ ಮನೆಯನ್ನು ಬಿಡುವಾಗ ನಮ್ಮ ಹೆಂಗಸರು ಪಾತ್ರೆಪಗಡಗಳೊಡನೆ ತುಳಸಿಯ ಗಿಡವನ್ನೂ ಕುಂಡದಲ್ಲಿಟ್ಟು ಒಯ್ಯುತ್ತಾರೆ. ಅಂತರ್ಜಾಲದಲ್ಲಿ ನಾವೆಲ್ಲ ಬಾಡಿಗೆಯವರೇ. ಇಂದು ನಮ್ಮ ಮಕ್ಕಳ ಭಾವಚಿತ್ರ, ಹಿರಿಯರ ಕಾಗದ, ಗೆಳೆಯರ ಮಾತು ಯಾವ ತಾಣದಲ್ಲಿವೆಯೋ ಅದರ ಒಡೆಯರೂ ಒಂದು ದಿನ ದೀಪವಾರಿಸಿಯಾರು. ಓಲೆಗರಿಗಳು ಉಳಿದು ಬಂದದ್ದು ಗರಿಯ ಗಟ್ಟಿತನದಿಂದಲ್ಲ. ಹಳೆಯದು ಹುಳು ತಿನ್ನುವ ಮುನ್ನ ಯಾರೋ ಒಬ್ಬ ಪುಣ್ಯಾತ್ಮ ಹೊಸದರ ಮೇಲೆ ಪ್ರತಿ ಮಾಡಿದ್ದರಿಂದ. ಆ ಲಿಪಿಕಾರನ ಕೆಲಸ ಈಗ ಮನೆಮನೆಯವರ ಪಾಲಿಗೆ ಬಂದಿದೆ.