ಬಂದೂಕು ಬಿಟ್ಟು ಹೊರಟ 27 ಜನ

ಇವತ್ತಿನ ಕಂತಿನಲ್ಲಿ 1900ರ ಡಿಸೆಂಬರ್ 25ಕ್ಕೆ ಹೋಗೋಣ. ಜಾಗ ಅಮೆರಿಕ. ಅಲ್ಲಿ ಆಗ ಕ್ರಿಸ್‌ಮಸ್ ದಿನ 'ಸೈಡ್ ಹಂಟ್' ಅನ್ನೋ ಆಟ ಆಡ್ತಿದ್ರು. ಎರಡು ತಂಡ ಕಟ್ಟಿಕೊಂಡು, ಬಂದೂಕು ಹಿಡಿದು, ಕಣ್ಣಿಗೆ ಬಿದ್ದ ಹಕ್ಕಿ, ಪ್ರಾಣಿ ಎಲ್ಲವನ್ನೂ ಹೊಡೆಯೋದು. ಸಂಜೆ ಯಾರ ಗುಡ್ಡೆ ದೊಡ್ಡದೋ ಅವರು ಗೆದ್ದ ಹಾಗೆ. ಅಷ್ಟೇ ಆಟ!

ಇದಕ್ಕೆ ಬದಲಿ ಸೂಚಿಸಿದವರು ಫ್ರಾಂಕ್ ಚಾಪ್‌ಮನ್. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಪಕ್ಷಿತಜ್ಞರು, 'ಬರ್ಡ್-ಲೋರ್' ಪತ್ರಿಕೆಯ ಸಂಪಾದಕರು. ಹಾಗಂತ ಬಂದೂಕು ಮುಟ್ಟದ ಸಾಧು ಅಂದ್ಕೋಬೇಡಿ. ಆಗ ಪಕ್ಷಿಶಾಸ್ತ್ರ ಅಂದ್ರೇನೇ ಹಕ್ಕಿ ಹೊಡೆದು ಚರ್ಮ ಸಂಗ್ರಹಿಸೋದು. ಆದರೆ ಈ ಮನುಷ್ಯನಿಗೆ ಎಣಿಸೋ ಚಟ ಮೊದಲಿಂದಲೂ ಇತ್ತು. 1886ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಎರಡು ಮಧ್ಯಾಹ್ನ ಸುತ್ತಾಡಿ, ಹೆಂಗಸರ ಟೋಪಿಗಳನ್ನ ಲೆಕ್ಕ ಹಾಕಿದ್ರು. 700 ಟೋಪಿಗಳಲ್ಲಿ 542ರ ಮೇಲೆ ಹಕ್ಕಿಗಳ ಗರಿ! ಮರಕುಟಿಗ, ಗೂಬೆ ಸೇರಿ ಸುಮಾರು 40 ಜಾತಿ. ಕಾಡಿಗೆ ಹೋಗದೆ, ಫುಟ್‌ಪಾತ್ ಮೇಲೇ ಮಾಡಿದ ಪಕ್ಷಿವೀಕ್ಷಣೆ ಅದು. ನನಗಂತೂ ಅವರ ಎಲ್ಲ ಕೆಲಸಕ್ಕಿಂತ ಇದೇ ಇಷ್ಟ.

1900ರ ಹೊತ್ತಿಗೆ, ಒಂದು ಕಾಲಕ್ಕೆ ನೂರಾರು ಕೋಟಿ ಇದ್ದ ಪ್ಯಾಸೆಂಜರ್ ಪಾರಿವಾಳ ಕಾಡಿನಿಂದ ಹೆಚ್ಚುಕಡಿಮೆ ಮಾಯವಾಗಿತ್ತು. ಕೊನೆಯದು, ಮಾರ್ಥಾ, 1914ರಲ್ಲಿ ಸಿನ್ಸಿನಾಟಿ ಮೃಗಾಲಯದ ಪಂಜರದಲ್ಲೇ ಸತ್ತಿತು.

ಚಾಪ್‌ಮನ್ ಕೇಳಿದ್ದು ಇಷ್ಟೇ: ಹಬ್ಬದ ದಿನ ಹೊರಗೆ ಹೋಗಿ, ಆದರೆ ಹೊಡೆಯಬೇಡಿ, ಎಣಿಸಿ. 25 ಕಡೆ 27 ಜನ ಹೊರಟರು. ಕೆನಡಾದ ಟೊರೊಂಟೊದಿಂದ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್‌ವರೆಗೆ. ಸಿಕ್ಕಿದ್ದು ಸುಮಾರು 90 ಜಾತಿ, 18,500 ಹಕ್ಕಿ.

ಎಣಿಕೆಯ ಜೊತೆ ಅವರು ಇನ್ನೂ ಕೆಲವು ವಿವರ ಕೇಳಿದ್ರು: ಎಷ್ಟು ಗಂಟೆಗೆ ಹೊರಟ್ರಿ, ಎಷ್ಟಕ್ಕೆ ವಾಪಸ್ ಬಂದ್ರಿ, ಗಾಳಿ ಯಾವ ಕಡೆಯಿಂದ, ಚಳಿ ಎಷ್ಟು, ನೆಲದ ಮೇಲೆ ಹಿಮ ಇತ್ತಾ. ಈ ಎಣಿಕೆ ಇವತ್ತಿಗೂ ಕೆಲಸಕ್ಕೆ ಬರ್ತಿರೋದಕ್ಕೆ ಇಂಥ ವಿವರಗಳೇ ಒಂದು ಕಾರಣ. ಒಬ್ಬ ಎರಡು ಗಂಟೆ ಸುತ್ತಿ 50 ಹಕ್ಕಿ ನೋಡೋದೂ ಹತ್ತು ಜನ ಇಡೀ ದಿನ ಸುತ್ತಿ 50 ನೋಡೋದೂ ಒಂದೇ ಅಲ್ವಲ್ಲ. ಮತ್ತೆ ಚಳಿಗಾಲವೂ ಸರಿಯಾದ ಕಾಲವೇ. ಎಲೆ ಉದುರಿರುತ್ತೆ, ಹಕ್ಕಿ ಕಾಣುತ್ತೆ. ವಲಸೆ ಬಂದವು ಬಹುಪಾಲು ಒಂದು ಕಡೆ ನೆಲೆನಿಂತಿರುತ್ತವೆ.

ಆಮೇಲೆ ನಿಯಮ ಬಿಗಿಯಾಯ್ತು: 24 ಕಿಲೋಮೀಟರ್ ಅಡ್ಡಗಲದ ವೃತ್ತ, ಒಂದೇ ದಿನ, ಡಿಸೆಂಬರ್ 14ರಿಂದ ಜನವರಿ 5ರೊಳಗೆ. ಉತ್ತರ ಅಮೆರಿಕದಲ್ಲಿ 1970ರಿಂದ ಈಚೆಗೆ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಅಂತ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತಲ್ಲ, ಅದರ ಆಧಾರಗಳಲ್ಲಿ ಈ ನಡಿಗೆಗಳ ಲೆಕ್ಕವೂ ಒಂದು. ಕಾಡಿನ ಅಪರೂಪದ ಹಕ್ಕಿಗಳಷ್ಟೇ ಅಲ್ಲ, ಗುಬ್ಬಿಯಂಥ ಸಾಮಾನ್ಯ ಹಕ್ಕಿಗಳೂ ಆ ನಷ್ಟದಲ್ಲಿವೆ.

ನಮ್ಮಲ್ಲೂ 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೀತಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದು ತಂಗೋದೂ ಇದೇ ಹೊತ್ತಿಗೆ.